ಕೀರ್ತನೆಯಿಂದ ಆಲ್ಬಮ್‌ವರೆಗೆ: ಚಿಕ್ಕಬಳ್ಳಾಪುರ ಸೀಮೆಯ ನೆಲೆಯಲ್ಲಿ ಕನ್ನಡ ಕ್ರೈಸ್ತ ಗೀತೆಗಳ ಧ್ವನಿಮುದ್ರಣ

ಪೀಠಿಕೆ

ಕಳೆದ ಅರ್ಧ ಶತಮಾನದಲ್ಲಿ ಕರ್ನಾಟಕದ ಜಾನಪದ ವಿದ್ವಾಂಸರು ತ್ರಿಪದಿ, ಲಾವಣಿ, ಸೋಬಾನೆ, ತತ್ವಪದ ಮತ್ತು ಜನಪದ ಮಹಾಕಾವ್ಯಗಳನ್ನು ಅಪಾರ ಪ್ರಮಾಣದಲ್ಲಿ ಸಂಗ್ರಹಿಸಿದ್ದಾರೆ. ಈ ಸಂಗ್ರಹ ಕಾರ್ಯದ ವ್ಯಾಪ್ತಿಯಲ್ಲಿ ಕ್ರೈಸ್ತ ಸಮುದಾಯಗಳ ಹಾಡುಗಾರಿಕೆಗೆ ದೊರೆತ ಸ್ಥಾನ ಮಾತ್ರ ಅತ್ಯಲ್ಪವಾದುದು. ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಆ ಹಾಡುಗಳು ಅಚ್ಚಾದ ಪುಸ್ತಕಗಳಲ್ಲಿವೆ, ಆದ್ದರಿಂದ ಅವು ಮೌಖಿಕವಲ್ಲ ಎಂಬ ಗ್ರಹಿಕೆ. ಎರಡನೆಯದು, ಇತ್ತೀಚಿನ ಹಾಡುಗಳು ಕ್ಯಾಸೆಟ್ಟು, ಸಿ.ಡಿ.ಗಳ ಮೂಲಕ ಬಂದಿರುವುದರಿಂದ ಅವು ವಾಣಿಜ್ಯ ಸರಕುಗಳು ಎಂಬ ಭಾವನೆ. ಈ ಎರಡೂ ಗ್ರಹಿಕೆಗಳು ಮರುಪರಿಶೀಲನೆಗೆ ಅರ್ಹವಾದವು. ಪುಸ್ತಕದಲ್ಲಿರುವುದು ಹಾಡಿನ ಪಠ್ಯ ಮಾತ್ರ; ಧಾಟಿ ಉಳಿದಿರುವುದು ಹಾಡುವವರ ಕಂಠದಲ್ಲಿ. ಅಂತೆಯೇ, ಸ್ಟುಡಿಯೋದಲ್ಲಿ ಮುದ್ರಣಗೊಂಡ ಹಾಡು ಸಭೆಯೊಳಗೆ ಪ್ರವೇಶಿಸಿದ ಕೂಡಲೇ ಮತ್ತೆ ಮೌಖಿಕ ಪರಂಪರೆಯ ನಿಯಮಗಳಿಗೆ ಒಳಗಾಗುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನೊಳಗೊಂಡ ಸೀಮೆಯನ್ನು ನೆಲೆಯಾಗಿಟ್ಟುಕೊಂಡು, ಸಮಕಾಲೀನ ಕ್ರೈಸ್ತ ಗೀತೆಗಳ ಆಲ್ಬಮ್ ಎಂಬ ಪ್ರಕಾರದ ಹಿನ್ನೆಲೆ, ರಚನೆ ಹಾಗೂ ಪರಿಣಾಮಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಯಾವುದೇ ಒಂದು ಆಲ್ಬಮ್ಮಿನ ವಿಮರ್ಶೆ ಉದ್ದಿಷ್ಟವಲ್ಲ. ಒಂದು ಹಾಡಿನ ಸಂಸ್ಕೃತಿ ಮಾಧ್ಯಮದಿಂದ ಮಾಧ್ಯಮಕ್ಕೆ ದಾಟುವಾಗ ಏನನ್ನು ಪಡೆಯುತ್ತದೆ, ಏನನ್ನು ಬಿಟ್ಟುಕೊಡುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಸೀಮೆ ಮತ್ತು ಅದರ ಹಾಡಿನ ಹಿನ್ನೆಲೆ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಅದರ ಜನಸಂಖ್ಯೆ 12,55,104. ಆಡಳಿತದ ಗಡಿಗಳು ಬದಲಾದರೂ ಸೀಮೆಯ ಸಾಂಸ್ಕೃತಿಕ ಸ್ವರೂಪದಲ್ಲಿ ಒಂದು ಅಂಶ ಸ್ಥಿರವಾಗಿದೆ. ಅದು ಕನ್ನಡ ಮತ್ತು ತೆಲುಗುಗಳ ಸಹಬಾಳ್ವೆ. ಗೌರಿಬಿದನೂರಿನಿಂದ ರೈಲು ಹಿಂದೂಪುರದ ಕಡೆಗೆ ಸಾಗುತ್ತದೆ. ಚಿಂತಾಮಣಿಯಿಂದ ರಸ್ತೆ ಮದನಪಲ್ಲಿಗೆ ಹೋಗುತ್ತದೆ. ಮನೆಯಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಇಲ್ಲಿನ ಅನೇಕ ಕುಟುಂಬಗಳ ನಿತ್ಯದ ಸ್ಥಿತಿ. 18ನೆಯ ಶತಮಾನದ ಆರಂಭದ ಫ್ರೆಂಚ್ ಜೆಸುಯಿಟ್ ಪಾದ್ರಿಗಳ ಪತ್ರಗಳಲ್ಲಿ ಈ ಊರು ‘ಚಿನ್ನಬಳ್ಳಾಪುರಂ’ ಎಂಬ ತೆಲುಗು ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ ಎಂಬುದು ಈ ದ್ವಿಭಾಷಿಕತೆಯ ಪ್ರಾಚೀನತೆಯನ್ನು ಸೂಚಿಸುತ್ತದೆ.

ಈ ದ್ವಿಭಾಷಿಕತೆಯ ಅತ್ಯುನ್ನತ ಅಭಿವ್ಯಕ್ತಿಯನ್ನು ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಕಾಣಬಹುದು. ಕೈವಾರದ ತಾತಯ್ಯನವರೆಂದು ಪ್ರಸಿದ್ಧರಾದ ಯೋಗಿ ನಾರೇಯಣರು ತೆಲುಗು ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ಕೀರ್ತನೆ, ತತ್ವಪದಗಳನ್ನು ರಚಿಸಿದರು. ಬಳೆ ಮಾರುವ ಕುಟುಂಬದಿಂದ ಬಂದ ಈ ಸಂತನ ಪದಗಳು ಗ್ರಂಥಸ್ಥವಾಗುವುದಕ್ಕೆ ಮೊದಲೇ ಭಜನೆ ಮಂಡಳಿಗಳ ಮೂಲಕ ಹಳ್ಳಿಹಳ್ಳಿಗೆ ಹರಡಿದ್ದವು. ಹಾರ್ಮೋನಿಯಂ, ತಾಳ, ಮೃದಂಗ ಅಥವಾ ತಬಲಗಳೊಂದಿಗೆ ಒಬ್ಬರು ಹೇಳಿಕೊಡುವುದು, ಉಳಿದವರು ಹಿಂದೆ ಹಾಡುವುದು ಈ ಭಜನೆಯ ಕ್ರಮ. ಇದರ ಜೊತೆಗೆ ಹರಿಕಥೆ, ಬುರ್ರಕಥೆ, ಪಂಢರಿ ಭಜನೆ, ಕೋಲಾಟ, ಕೇಳಿಕೆ ಮತ್ತು ತಮಟೆಯ ವಾದನಗಳು ಸೀಮೆಯ ಶ್ರವಣ ಪರಿಸರವನ್ನು ರೂಪಿಸಿವೆ. ಇಲ್ಲಿನ ಕ್ರೈಸ್ತರ ಹಾಡುಗಾರಿಕೆಯನ್ನು ಈ ಪರಿಸರದಿಂದ ಬೇರ್ಪಡಿಸಿ ನೋಡಲಾಗದು. ಸಭೆಯಲ್ಲಿ ಹಾಡುವ ಬಾಯಿ ಮತ್ತು ಕೇಳುವ ಕಿವಿ ಇದೇ ಊರಿನವು.

ಪ್ರಾಟೆಸ್ಟಂಟ್ ಮಿಷನ್‌ಗಳ ಪೈಕಿ ಈ ಭಾಗದಲ್ಲಿ ಪ್ರಮುಖವಾಗಿ ಕೆಲಸ ಮಾಡಿದ್ದು ಲಂಡನ್ ಮಿಷನರಿ ಸೊಸೈಟಿ. 1820ರಲ್ಲಿ ಬೆಂಗಳೂರಿಗೆ ಬಂದ ಈ ಸಂಸ್ಥೆಯು ನಂತರದ ಕಾಲದಲ್ಲಿ ಚಿಕ್ಕಬಳ್ಳಾಪುರವನ್ನು ಕೇಂದ್ರವಾಗಿ ಮಾಡಿಕೊಂಡಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಇಲ್ಲಿ ಸ್ಥಾಪಿತವಾದ ವಾರ್ಡ್‌ಲಾ ಥಾಂಪ್ಸನ್ ಸ್ಮಾರಕ ಆಸ್ಪತ್ರೆಯು ಮುಂದೆ ಸಿ.ಎಸ್.ಐ. ಆಸ್ಪತ್ರೆ ಎಂದು ಹೆಸರಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡ ನಂತರ, ಈ ಭಾಗದ ಲಂಡನ್ ಮಿಷನ್ ಸಭೆಗಳು ಅದರಲ್ಲಿ ಲೀನವಾದವು. ಕಥೋಲಿಕ ಸಭೆಗಳು ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿವೆ. ಇವುಗಳಲ್ಲದೆ ಪೆಂತಕೋಸ್ತ ಹಾಗೂ ಸ್ವತಂತ್ರ ಸಭೆಗಳೂ ಇವೆ. ಸಮಕಾಲೀನ ಗೀತೆಗಳ ಪ್ರಸಾರದಲ್ಲಿ ಈ ಕೊನೆಯ ಗುಂಪಿನ ಪಾತ್ರ ಹಿರಿದು.

ಸಂಗೀತ ಮತ್ತು ಕೀರ್ತನೆ: ಎರಡು ಮೂಲಗಳು

ಕನ್ನಡ ಪ್ರಾಟೆಸ್ಟಂಟ್ ಸಭೆಗಳ ಹಾಡುಗಳಲ್ಲಿ ಎರಡು ಧಾರೆಗಳು ಸ್ಪಷ್ಟವಾಗಿವೆ. ಯೂರೋಪಿನ ರಾಗಗಳಿಗೆ ಹೊಂದಿಸಿದ ಅನುವಾದಗಳು ಒಂದು ಧಾರೆ. ದೇಶೀಯ ರಾಗತಾಳಗಳಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳ ವಿನ್ಯಾಸದಲ್ಲಿ ರಚಿತವಾದ ಕೀರ್ತನೆಗಳು ಇನ್ನೊಂದು ಧಾರೆ. ಮೊದಲನೆಯದರಲ್ಲಿ ಆರ್ಗನ್ನಿನ ಆಧಾರ, ನಾಲ್ಕು ಸ್ವರಭಾಗಗಳ ಗಾಯನ. ಎರಡನೆಯದರಲ್ಲಿ ಏಕಧಾಟಿಯ ಗಾಯನ, ತಾಳದ ಆಧಾರ.

ಈ ಎರಡರ ನಡುವಿನ ಸಂಬಂಧ ಕುರಿತ ಚಿಂತನೆ 19ನೆಯ ಶತಮಾನದಷ್ಟು ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವಿದ್ವಾಂಸರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಫರ್ಡಿನಾಂಡ್ ಕಿಟ್ಟೆಲ್ ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದೋರೂಪಗಳಲ್ಲಿ ನಿರೂಪಿಸಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದ ಕಿಟ್ಟೆಲ್ಲರಿಗೆ, ಕನ್ನಡ ಪದ್ಯದ ಲಯವು ಅನುವಾದಿತ ಪಾಶ್ಚಾತ್ಯ ಗೀತೆಯ ಲಯಕ್ಕಿಂತ ಭಿನ್ನವಾದುದೆಂಬುದು ಸ್ಪಷ್ಟವಾಗಿತ್ತು. ನೆರೆಯ ಭಾಷೆಗಳಲ್ಲಿ ಇದೇ ಮಾರ್ಗವನ್ನು ದೇಶೀಯ ಕವಿಗಳೇ ತುಳಿದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774-1864) ತಮಿಳಿನಲ್ಲಿಯೂ, ಪುರುಷೋತ್ತಮ ಚೌಧರಿ (1803-1890) ತೆಲುಗಿನಲ್ಲಿಯೂ ಕರ್ನಾಟಕ ಸಂಗೀತದ ರಾಗಗಳಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. ತೆಲುಗಿನ ‘ಆಂಧ್ರ ಕ್ರೈಸ್ತವ ಕೀರ್ತನಲು’ ಎಂಬ ಸಂಕಲನವು ಈ ಪರಂಪರೆಯ ಸಂಗ್ರಹವಾಗಿದ್ದು, ತೆಲುಗು ಮಾತನಾಡುವ ಸಭೆಗಳಿರುವಲ್ಲೆಲ್ಲ ಅದು ಪರಿಚಿತ.

ಕಥೋಲಿಕ ಸಭೆಯಲ್ಲಿ ಬದಲಾವಣೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1963ರ ಡಿಸೆಂಬರಿನಲ್ಲಿ ಪ್ರಕಟವಾದ ಆರಾಧನಾ ವಿಧಿಯ ಸಂವಿಧಾನವು ಲತೀನಿನ ಜೊತೆಗೆ ಜನಭಾಷೆಗಳಿಗೆ ಅವಕಾಶ ನೀಡಿತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಭಜನೆ, ದೀಪ, ಆರತಿ ಮೊದಲಾದ ದೇಶೀಯ ರೂಪಗಳನ್ನು ಆರಾಧನೆಯಲ್ಲಿ ಬಳಸುವ ಪ್ರಯೋಗಗಳನ್ನು ನಡೆಸಿತು.

ಇಲ್ಲಿ ಒಂದು ತಾಂತ್ರಿಕ ಸಂಗತಿ ಮುಖ್ಯವಾದುದು. ಹಳೆಯ ಕೀರ್ತನೆ ಪುಸ್ತಕಗಳಲ್ಲಿ ಸ್ವರಪ್ರಸ್ತಾರ ಇರುವುದಿಲ್ಲ. ಹಾಡಿನ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು, ಇಲ್ಲವೇ ಪರಿಚಿತವಾದ ಬೇರೊಂದು ಹಾಡಿನ ‘ಮಟ್ಟು’ ಎಂಬ ಸೂಚನೆ ಮಾತ್ರ ಇರುತ್ತದೆ. ಇದು ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿಯೂ ಯಕ್ಷಗಾನ ಪ್ರಸಂಗಗಳಲ್ಲಿಯೂ ಕಂಡುಬರುವ ಕ್ರಮವೇ. ಮಟ್ಟಿಗೆ ಆಧಾರವಾದ ಮೂಲ ಹಾಡು ಜನರ ನೆನಪಿನಲ್ಲಿ ಇರುವವರೆಗೆ ಈ ಸೂಚನೆ ಸಾಕಾಗುತ್ತದೆ. ಆ ಹಾಡು ಮರೆತುಹೋದರೆ ಪುಸ್ತಕ ಉಳಿದರೂ ಧಾಟಿ ಉಳಿಯುವುದಿಲ್ಲ. ರಾಗದ ಹೆಸರೊಂದರಿಂದ ಒಂದು ಊರಿನ ಸಭೆ ಅದನ್ನು ಹೇಗೆ ಹಾಡುತ್ತಿತ್ತು ಎಂಬುದನ್ನು ಮರುಸೃಷ್ಟಿಸಲು ಸಾಧ್ಯವಿಲ್ಲ.

ಧ್ವನಿಮುದ್ರಣದ ಘಟ್ಟಗಳು

ಭಾರತದಲ್ಲಿ ಗ್ರಾಮಾಫೋನ್ ಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಕ್ರೈಸ್ತ ಮುದ್ರಣಗಳ ದೃಷ್ಟಿಯಿಂದ ಗಮನಾರ್ಹವಾದುದು 1939ರಲ್ಲಿ ಅಮೆರಿಕದಲ್ಲಿ ಜಾಯ್ ರಿಡರ್‌ಹಾಫ್ ಆರಂಭಿಸಿದ ಗಾಸ್ಪೆಲ್ ರೆಕಾರ್ಡಿಂಗ್ಸ್ ಎಂಬ ಸಂಸ್ಥೆ. ಲಿಪಿಯಿಲ್ಲದ ಭಾಷೆಗಳಲ್ಲಿಯೂ ಕಿರು ಸಂದೇಶ ಮತ್ತು ಹಾಡುಗಳನ್ನು ಮುದ್ರಿಸಿ ತಟ್ಟೆಗಳ ಮೂಲಕ ಹಂಚುವುದು ಅದರ ಕಾರ್ಯಕ್ರಮವಾಗಿತ್ತು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಕೈಯಿಂದ ತಿರುಗಿಸಿ ಕೇಳಬಹುದಾದ ರಟ್ಟಿನ ಸರಳ ಯಂತ್ರವನ್ನೂ ಈ ಸಂಸ್ಥೆ ರೂಪಿಸಿತು. ಇದರ ಭಾರತೀಯ ಅಂಗಸಂಸ್ಥೆ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಎರಡನೆಯ ಘಟ್ಟ ಬಾನುಲಿಯದು. 1970ರಲ್ಲಿ ಸೇಶೆಲ್ಸ್ ದ್ವೀಪಗಳಿಂದ ಆರಂಭವಾದ ಫೀಬಾ ಶಾರ್ಟ್‌ವೇವ್ ಪ್ರಸಾರದಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಕಾರ್ಯಕ್ರಮಗಳಿದ್ದವು. ಹಳ್ಳಿಯ ಕೇಳುಗನಿಗೆ ತನ್ನ ಸಭೆಯ ಹೊರಗಿನ ಕನ್ನಡ ಕ್ರೈಸ್ತ ಹಾಡು ಕೇಳಿಸಿದ ಮೊದಲ ಮಾರ್ಗಗಳಲ್ಲಿ ಇದೂ ಒಂದು. ಆ ದ್ವೀಪಗಳ ಪ್ರಸಾರ 2003ರಲ್ಲಿ ನಿಂತಿತು.

ಮೂರನೆಯದು ಕ್ಯಾಸೆಟ್ಟಿನ ಘಟ್ಟ. ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟು 1970ರ ದಶಕದ ಕೊನೆಯ ವೇಳೆಗೆ ಭಾರತದ ಮಾರುಕಟ್ಟೆಯನ್ನು ವ್ಯಾಪಿಸತೊಡಗಿತು. ಬೆಂಗಳೂರಿನ ಲಹರಿ ಸಂಸ್ಥೆಯಂಥ ಸ್ಥಳೀಯ ಕಂಪನಿಗಳು ಈ ಅವಧಿಯಲ್ಲಿ ಬೆಳೆದವು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಯ ಕ್ಯಾಸೆಟ್ಟು ಪರಂಪರೆಗೆ ನಾಂದಿಯಾಯಿತು. ಒಬ್ಬ ಕವಿಯ ಹಲವು ಗೀತೆಗಳನ್ನು ಒಂದು ಶೀರ್ಷಿಕೆಯಡಿ ಜೋಡಿಸಿ ಮನೆಯಲ್ಲಿ ಕುಳಿತು ಕೇಳುವ ಅಭ್ಯಾಸ ಕನ್ನಡಿಗರಲ್ಲಿ ಬೆಳೆದದ್ದು ಹೀಗೆ. ಕ್ರೈಸ್ತ ಭಕ್ತಿಗೀತೆಗಳ ಕ್ಯಾಸೆಟ್ಟುಗಳೂ ಇದೇ ಸ್ಟುಡಿಯೋಗಳನ್ನು, ಇದೇ ವಾದ್ಯಗಾರರನ್ನು, ಬಹಳಷ್ಟು ಸಲ ಇದೇ ಹಿನ್ನೆಲೆ ಗಾಯಕರನ್ನು ಅವಲಂಬಿಸಿದವು. ಹೀಗಾಗಿ ಅವುಗಳ ಧ್ವನಿಯು ಭಾವಗೀತೆ ಮತ್ತು ಚಲನಚಿತ್ರಗೀತೆಗಳ ಧ್ವನಿಗೆ ಸಮೀಪವಾಯಿತು.

ಇದೇ 1978ರಲ್ಲಿ ತೆರೆಕಂಡ ‘ಕರುಣಾಮಯುಡು’ ಎಂಬ ತೆಲುಗು ಚಿತ್ರವನ್ನೂ ಇಲ್ಲಿ ಉಲ್ಲೇಖಿಸಬೇಕು. ವಿಜಯಚಂದರ್ ಅವರು ಕ್ರಿಸ್ತನ ಪಾತ್ರ ವಹಿಸಿದ ಈ ಚಿತ್ರವು ಹಲವು ಭಾರತೀಯ ಭಾಷೆಗಳಿಗೆ ಡಬ್ ಆಗಿ, ಸಂಚಾರಿ ಪ್ರದರ್ಶನಗಳ ಮೂಲಕ ದಶಕಗಳ ಕಾಲ ಹಳ್ಳಿಗಳನ್ನು ತಲುಪಿತು. ಕ್ರೈಸ್ತ ಗೀತೆಯೊಂದು ಸಿನಿಮಾ ಸಂಗೀತದ ಸಂಪೂರ್ಣ ವೈಭವದೊಡನೆ ಕೇಳಿಬಂದದ್ದು ತೆಲುಗು ಬಲ್ಲ ಪ್ರದೇಶಗಳ ಅಭಿರುಚಿಯ ಮೇಲೆ ಪ್ರಭಾವ ಬೀರಿತು.

ಆಲ್ಬಮ್ಮಿನ ಸ್ವರೂಪ

‘ಸಮಕಾಲೀನ ಕ್ರೈಸ್ತ ಸಂಗೀತ’ ಎಂಬ ಪರಿಭಾಷೆ 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಯುವಜನರ ಧಾರ್ಮಿಕ ಚಳವಳಿಯ ಹಿನ್ನೆಲೆಯಿಂದ ಬಂದುದು. 1969ರಲ್ಲಿ ಲ್ಯಾರಿ ನಾರ್ಮನ್ ಹೊರತಂದ ‘ಅಪಾನ್ ದಿಸ್ ರಾಕ್’ ಎಂಬ ಆಲ್ಬಮ್ಮನ್ನು ಈ ಪ್ರಕಾರದ ಆರಂಭಿಕ ಕೃತಿಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ರಾಕ್ ಸಂಗೀತದ ಗಿಟಾರು, ಡ್ರಮ್ಮುಗಳು ಆರಾಧನೆಯ ಹಾಡಿಗೆ ಬಂದವು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಹಿಲ್‌ಸಾಂಗ್ ಸಭೆಯ ಮುದ್ರಿಕೆಗಳು ಇದನ್ನು ಜಾಗತಿಕಗೊಳಿಸಿದವು. ಕನ್ನಡದ ಹಳ್ಳಿ, ಪಟ್ಟಣಗಳಿಗೆ ಈ ಶೈಲಿ ಬಹುಪಾಲು ನೇರವಾಗಿ ಇಂಗ್ಲಿಷಿನಿಂದ ಬಂದುದಲ್ಲ. ತಮಿಳು ಮತ್ತು ತೆಲುಗುಗಳ ಮೂಲಕ ಸೋಸಿ ಬಂದುದು. ತಮಿಳಿನಲ್ಲಿ ಫಾದರ್ ಬರ್ಕ್‌ಮನ್ಸ್ ಅವರ ಸರಣಿ ಮುದ್ರಿಕೆಗಳು, ತೆಲುಗಿನಲ್ಲಿ ಗುಂಟೂರಿನ ಹೊಸನ್ನ ಸಂಸ್ಥೆಯು ವರ್ಷವರ್ಷವೂ ಬಿಡುಗಡೆ ಮಾಡುವ ಗೀತಗುಚ್ಛಗಳು ಈ ಪ್ರಸಾರದ ಮುಖ್ಯ ವಾಹಿನಿಗಳು.

ಆಲ್ಬಮ್ಮಿನ ಹಾಡಿನ ವಿನ್ಯಾಸವು ಕೀರ್ತನೆಯ ವಿನ್ಯಾಸದಿಂದ ಮೂರು ಅಂಶಗಳಲ್ಲಿ ಭಿನ್ನವಾಗಿದೆ.

ಒಂದು, ವಸ್ತುವಿನ ನೆಲೆ. ಕೀರ್ತನೆಯು ಸಾಮಾನ್ಯವಾಗಿ ಕಥನಾತ್ಮಕವಾದುದು. ಅದರ ಚರಣಗಳು ಜನನ, ಉಪದೇಶ, ಶ್ರಮೆ, ಪುನರುತ್ಥಾನಗಳ ಕ್ರಮದಲ್ಲಿ ಸಾಗುತ್ತವೆ. ಚರಣಗಳನ್ನು ಬಿಟ್ಟು ಹಾಡಿದರೆ ಕಥೆ ಕಡಿಯುತ್ತದೆ. ‘ಸ್ತುತಿ ಆರಾಧನೆ’ ಎಂದು ಕರೆಯಲಾಗುವ ಹೊಸ ಹಾಡು ಸಂಬೋಧನಾತ್ಮಕವಾದುದು. ಹಾಡುವವನು ‘ನಾನು’ ಆಗಿ, ದೇವರನ್ನು ‘ನೀನು’ ಎಂದು ಕರೆದು ಒಂದೇ ಭಾವವನ್ನು ಆವರ್ತಿಸುತ್ತಾನೆ. ಈ ‘ನಾನು-ನೀನು’ಗಳ ಆಪ್ತತೆ ದಾಸರ ಪದಗಳಿಗೂ ತತ್ವಪದಗಳಿಗೂ ಹೊಸದಲ್ಲ. ಆದರೆ ಕಥನದ ಹೊರೆಯಿಂದ ಹಾಡು ಬಿಡುಗಡೆಯಾದಾಗ, ಓದು ಬಾರದವರು ಶಾಸ್ತ್ರಗ್ರಂಥದ ಕಥೆಯನ್ನು ಹಾಡಿನ ಮೂಲಕವೇ ಕಲಿಯುತ್ತಿದ್ದ ದಾರಿಯೊಂದು ಕಿರಿದಾಗುತ್ತದೆ.

ಎರಡು, ಸಾಮೂಹಿಕತೆ. ಸ್ಟುಡಿಯೋದಲ್ಲಿ ಹಾಡು ಪದರ ಪದರವಾಗಿ ಸಿದ್ಧವಾಗುತ್ತದೆ. ಮೊದಲು ಕೀಬೋರ್ಡಿನಲ್ಲಿ ಲಯ ಮತ್ತು ಸ್ವರಮೇಳ, ಅನಂತರ ಕೊಳಲು, ಪಿಟೀಲು, ತಬಲದಂಥ ವಾದ್ಯಗಳು, ಕೊನೆಯಲ್ಲಿ ಗಾಯನ. ಹಾಡುವವರೂ ನುಡಿಸುವವರೂ ಒಂದೇ ವೇಳೆಯಲ್ಲಿ ಒಂದೆಡೆ ಇರಬೇಕಾಗಿಲ್ಲ. ಹಾಡಿಲ್ಲದ ವಾದ್ಯಭಾಗವನ್ನು ‘ಟ್ರ್ಯಾಕ್’ ಎಂದು ಪ್ರತ್ಯೇಕವಾಗಿ ಪಡೆದು ಸಭೆಯಲ್ಲಿ ಬಳಸುವ ರೂಢಿಯೂ ಇದೆ. ಆಗ ಶ್ರುತಿ ಮತ್ತು ವೇಗಗಳು ಮುದ್ರಿಕೆಯ ಗಾಯಕನಿಗೆ ಹೊಂದಿಕೊಂಡವೇ ಆಗಿರುತ್ತವೆ. ಹಿಂದೆ ಹಿರಿಯರು ತಮ್ಮ ಉಸಿರಿಗೆ ತಕ್ಕಂತೆ ಎಳೆದು ಹಾಡುತ್ತಿದ್ದ ಹಾಡನ್ನು ಈಗ ಯಂತ್ರದ ಉಸಿರಿಗೆ ತಕ್ಕಂತೆ ಹಾಡಬೇಕಾಗುತ್ತದೆ. ಏರುಶ್ರುತಿಗೆ ನಿಲುಕದ ವಯಸ್ಸಾದವರು ಕ್ರಮೇಣ ಕೇಳುಗರಾಗಿಬಿಡುವುದು ಇದರ ಸಹಜ ಪರಿಣಾಮ.

ಮೂರು, ಕಾಲದ ಮಿತಿ. ಭಜನೆಯ ಹಾಡು ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮುದ್ರಿತ ಹಾಡು ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸುವ ಲೆಕ್ಕಾಚಾರಕ್ಕೆ ಒಳಪಟ್ಟು, ನಾಲ್ಕೈದು ನಿಮಿಷಗಳ ಅವಧಿಗೆ ಹೊಂದಿಕೊಂಡಿತು. ಕ್ಯಾಸೆಟ್ಟು ಮರೆಯಾದ ಮೇಲೂ ಈ ಅಳತೆ ಬಹುಮಟ್ಟಿಗೆ ಉಳಿದುಬಂದಿದೆ.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ವಾದ್ಯಗಾರರಿಲ್ಲದ ಸಣ್ಣ ಹಳ್ಳಿಯ ಸಭೆಗೆ ಮುದ್ರಿಕೆಯು ಒಬ್ಬ ಗುರುವಿನಂತೆ ಒದಗಿದೆ. ಕೀರ್ತನೆಯ ರಾಗ ಕಲಿಯದ ಯುವಕರು ಹಾಡನ್ನು ಕೇಳಿಯೇ ಕಲಿತು ಗಾಯನ ಮಂಡಳಿಗಳನ್ನು ಕಟ್ಟಲು ಸಾಧ್ಯವಾಗಿದೆ. ಪೀಟರ್ ಮ್ಯಾನ್ಯುಯೆಲ್ ಅವರು ಉತ್ತರ ಭಾರತದ ಕ್ಯಾಸೆಟ್ಟು ಸಂಸ್ಕೃತಿಯನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಗ್ಗದ ತಂತ್ರಜ್ಞಾನವು ದೊಡ್ಡ ಕಂಪನಿಗಳ ಏಕಸ್ವಾಮ್ಯವನ್ನು ಮುರಿದು ಪ್ರಾದೇಶಿಕ ಹಾಗೂ ಸಣ್ಣ ಸಮುದಾಯಗಳ ಸಂಗೀತಕ್ಕೆ ಅವಕಾಶ ತೆರೆದುದನ್ನು ತೋರಿಸಿದ್ದಾರೆ. ಕನ್ನಡ ಕ್ರೈಸ್ತ ಆಲ್ಬಮ್ಮುಗಳಿಗೂ ಈ ಮಾತು ಅನ್ವಯಿಸುತ್ತದೆ.

ಭಾಷಾಂತರ ಮತ್ತು ಛಂದಸ್ಸು

ಗಡಿಸೀಮೆಯ ಸಭೆಗಳಲ್ಲಿ ಹಾಡು ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತದೆ. ತೆಲುಗಿನ ಹಾಡನ್ನು ತೆಲುಗಿನಲ್ಲಿಯೇ ಹಾಡುವುದು, ಧಾಟಿಯನ್ನು ಉಳಿಸಿಕೊಂಡು ಕನ್ನಡಕ್ಕೆ ತರುವುದು, ಪಲ್ಲವಿಯೊಂದು ಭಾಷೆಯಲ್ಲಿ ಚರಣ ಇನ್ನೊಂದು ಭಾಷೆಯಲ್ಲಿ ಹಾಡುವುದು, ಹೀಗೆ ಮೂರು ಕ್ರಮಗಳನ್ನು ಗುರುತಿಸಬಹುದು. ಕೈವಾರದ ತಾತಯ್ಯನವರ ಪದಗಳನ್ನು ಎರಡೂ ಭಾಷೆಗಳಲ್ಲಿ ಹಾಡಿಕೊಂಡು ಬಂದ ಸೀಮೆಗೆ ಇದು ಅಸಹಜವೆನಿಸುವುದಿಲ್ಲ.

ತೆಲುಗಿನಿಂದ ಕನ್ನಡಕ್ಕೆ ತರುವಾಗ ಧಾಟಿ ಹೆಚ್ಚು ಹಾನಿಗೊಳ್ಳದಿರಲು ಭಾಷಿಕ ಕಾರಣವೊಂದಿದೆ. ಎರಡೂ ಭಾಷೆಗಳಲ್ಲಿ ಪದಗಳು ಬಹುತೇಕ ಸ್ವರಾಂತವಾಗಿರುವುದರಿಂದ ಸಾಲಿನ ಕೊನೆಯಲ್ಲಿ ಎಳೆಯುವ ಸ್ವರಕ್ಕೆ ಕನ್ನಡ ಪದವೂ ಸಹಜವಾಗಿ ಹೊಂದುತ್ತದೆ. ವ್ಯಂಜನಾಂತ ಪದಗಳು ಹೆಚ್ಚಾಗಿರುವ ತಮಿಳು ಮತ್ತು ಇಂಗ್ಲಿಷ್ ಹಾಡುಗಳನ್ನು ತರುವಾಗ ಅನುವಾದಕನಿಗೆ ಒಂದು ಅಕ್ಷರ ಹೆಚ್ಚಾಗುವ ತೊಡಕು ಎದುರಾಗುತ್ತದೆ. ಆಗ ವಿಭಕ್ತಿ ಪ್ರತ್ಯಯಗಳನ್ನು ಬಿಡುವುದು, ಸಂಸ್ಕೃತ ಸಮಾಸಗಳನ್ನು ಬಳಸುವುದು, ಹ್ರಸ್ವವನ್ನು ದೀರ್ಘವಾಗಿ ಎಳೆಯುವುದು ಮೊದಲಾದ ಉಪಾಯಗಳು ಅನಿವಾರ್ಯವಾಗುತ್ತವೆ. ಮಾತಿನ ಸಹಜ ಒತ್ತು ಒಂದೆಡೆ, ಧಾಟಿಯ ಒತ್ತು ಮತ್ತೊಂದೆಡೆ ಬಿದ್ದಾಗ ಅರ್ಥ ಮಸುಕಾಗುತ್ತದೆ.

ಪ್ರಾಸದಲ್ಲಿಯೂ ಬದಲಾವಣೆ ಕಾಣುತ್ತದೆ. ಹಳೆಯ ಕೀರ್ತನೆಗಳಲ್ಲಿ ಸಾಲಿನ ಎರಡನೆಯ ಅಕ್ಷರದ ಪ್ರಾಸಕ್ಕೆ ಪ್ರಾಧಾನ್ಯವಿತ್ತು. ಇದು ಕನ್ನಡ, ತೆಲುಗು ಕಾವ್ಯಗಳ ಸಾಮಾನ್ಯ ಲಕ್ಷಣ. ಹಾಡನ್ನು ನೆನಪಿನಲ್ಲಿಡಲು ಸಹಕಾರಿ. ಸಮಕಾಲೀನ ಗೀತೆಗಳಲ್ಲಿ ಅಂತ್ಯಪ್ರಾಸ ಪ್ರಧಾನವಾಗಿದೆ. ಸಾಲಿನ ಆರಂಭವನ್ನು ನೆನಪಿಸುವ ಪ್ರಾಸದಿಂದ ಸಾಲಿನ ಕೊನೆಯನ್ನು ಕಿವಿಗೆ ಇಂಪಾಗಿಸುವ ಪ್ರಾಸದ ಕಡೆಗೆ ಆದ ಈ ಪಲ್ಲಟವು, ಹಾಡು ನೆನಪಿನ ಆಸರೆಯಿಂದ ಮುದ್ರಿಕೆಯ ಆಸರೆಗೆ ಸರಿದುದರ ಸೂಚಕವೂ ಹೌದು.

ಅಂಕಿತದಿಂದ ಹೊದಿಕೆಗೆ

ಭಕ್ತಿಗೀತೆಯ ಪರಂಪರೆಯಲ್ಲಿ ಕರ್ತೃವಿನ ಗುರುತು ಹಾಡಿನ ಒಳಗೇ ಇರುತ್ತದೆ. ದಾಸರ ಪದಗಳಲ್ಲಿ ವಿಠಲನ ಅಂಕಿತ, ಕೈವಾರದ ಪದಗಳಲ್ಲಿ ಅಮರನಾರೇಯಣನ ಅಂಕಿತ ಕೊನೆಯ ಚರಣದಲ್ಲಿ ಬರುತ್ತದೆ. ಹಾಡು ಎಲ್ಲಿಗೆ ಹೋದರೂ ಹೆಸರು ಅದರೊಡನೆ ಹೋಗುತ್ತದೆ. ಸಮಕಾಲೀನ ಆಲ್ಬಮ್ಮಿನ ಹಾಡಿನಲ್ಲಿ ಅಂಕಿತವಿಲ್ಲ. ಸಾಹಿತ್ಯ, ಸಂಗೀತ, ಗಾಯನ, ಮುದ್ರಣ, ನಿರ್ಮಾಣ ಎಂದು ಬೇರೆ ಬೇರೆಯಾಗಿ ಹೆಸರುಗಳು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಚ್ಚಾಗುತ್ತಿದ್ದವು. ಕರ್ತೃತ್ವವು ಹಾಡಿನ ಒಡಲಿನಿಂದ ಹೊದಿಕೆಗೆ ಸ್ಥಳಾಂತರಗೊಂಡಿತು.

ಮುಂದಿನ ಘಟ್ಟದಲ್ಲಿ ಹೊದಿಕೆಯೂ ಕಳಚಿಬಿತ್ತು. ಸಿ.ಡಿ.ಯಿಂದ ಎಂ.ಪಿ.3 ಕಡತಗಳಿಗೆ, ಅಲ್ಲಿಂದ ಪೆನ್‌ಡ್ರೈವಿಗೆ, ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡುಗಳು ನಕಲಾದಾಗ ಹೆಸರುಗಳು ಹಿಂದೆ ಉಳಿದವು. ಒಂದೇ ಶೀರ್ಷಿಕೆಯಡಿ ಕ್ರಮವಾಗಿ ಕೇಳಬೇಕಾದ ಹತ್ತು ಹಾಡುಗಳ ಗುಚ್ಛವು ಬಿಡಿ ಹಾಡುಗಳಾಗಿ ಚದುರಿತು. 2005ರಲ್ಲಿ ಯೂಟ್ಯೂಬ್ ಬಂದಿತು. 2016ರ ನಂತರ ಭಾರತದಲ್ಲಿ ಮೊಬೈಲ್ ಅಂತರ್ಜಾಲ ಅಗ್ಗವಾಯಿತು. ಅಂದಿನಿಂದ ಬಿಡಿ ಹಾಡೇ ಬಿಡುಗಡೆಯ ಘಟಕವಾಗುವ ಪ್ರವೃತ್ತಿ ಬಲಗೊಂಡಿದೆ. ಸಭೆಗಳಲ್ಲಿ ಹಾಡುವವರು ಸಾಲುಗಳನ್ನು ಬದಲಿಸುತ್ತಾರೆ, ಚರಣಗಳನ್ನು ಸೇರಿಸುತ್ತಾರೆ, ಒಂದು ಹಾಡಿನ ಪಲ್ಲವಿಗೆ ಇನ್ನೊಂದರ ಚರಣವನ್ನು ಜೋಡಿಸುತ್ತಾರೆ. ಅಜ್ಞಾತ ಕರ್ತೃತ್ವ, ಪಾಠಾಂತರ, ಸಾಮೂಹಿಕ ಪರಿಷ್ಕರಣ ಎಂದು ಜಾನಪದ ಶಾಸ್ತ್ರವು ಹೇಳುವ ಲಕ್ಷಣಗಳು ಇಲ್ಲಿ ಮರುಕಳಿಸುತ್ತವೆ. ಆದ್ದರಿಂದ ಸ್ಟುಡಿಯೋ ಆಲ್ಬಮ್ಮು ಜಾನಪದದ ವಿರುದ್ಧ ಧ್ರುವವಲ್ಲ; ಹಾಡಿನ ಮೌಖಿಕ ಬದುಕಿನ ನಡುವಿನ ಒಂದು ತಂಗುದಾಣ.

ಇದಕ್ಕೊಂದು ಕಾನೂನಿನ ಆಯಾಮವೂ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 52(1)(ಜಡ್‌ಎ) ಉಪಬಂಧವು ಪ್ರಾಮಾಣಿಕ ಧಾರ್ಮಿಕ ಆಚರಣೆಯಲ್ಲಿ ಕೃತಿಯನ್ನು ಹಾಡುವುದನ್ನು ಸ್ವಾಮ್ಯದ ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಸಭೆಯಲ್ಲಿ ಹಾಡುವ ಸ್ವಾತಂತ್ರ್ಯ ಇದರಿಂದ ರಕ್ಷಿತವಾಗಿದೆ. ಅದೇ ಹಾಡನ್ನು ಮತ್ತೆ ಮುದ್ರಿಸಿ ಮಾರುವುದು ಬೇರೆಯ ವಿಷಯ. ಹೆಸರು ಕಳಚಿದ ಹಾಡನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಮುದ್ರಿಸಿದರೆ, ಸಣ್ಣ ಊರಿನ ಕವಿಗೆ ತನ್ನ ಕರ್ತೃತ್ವವನ್ನು ಸಾಬೀತುಪಡಿಸಲು ಹಳೆಯ ಹೊದಿಕೆಯೊಂದೇ ಸಾಕ್ಷಿಯಾಗಿ ಉಳಿಯಬಹುದು.

ತಮಟೆಯ ಪ್ರಶ್ನೆ

ಈ ಸೀಮೆಯ ಹಾಡಿನ ಚರ್ಚೆ ತಮಟೆಯನ್ನು ಬಿಟ್ಟು ಪೂರ್ಣವಾಗದು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಪ್ರಶಸ್ತಿಯ ಹಿಂದೆ ಈ ವಾದ್ಯ ಹೊತ್ತುಕೊಂಡು ಬಂದ ಅವಮಾನದ ದೀರ್ಘ ಚರಿತ್ರೆಯಿದೆ. ತಮಟೆ ಬಡಿಯುವುದು ದಲಿತರಿಗೆ ಕಲೆಯಾಗಿರುವುದಕ್ಕಿಂತ ಮೊದಲು ಬಿಟ್ಟಿ ಚಾಕರಿಯಾಗಿತ್ತು. ಸಾವಿಗೆ, ಜಾತ್ರೆಗೆ, ಸಾರುವುದಕ್ಕೆ ಊರಿನ ಕರೆಗೆ ಓಗೊಡಬೇಕಾದ ಕರ್ತವ್ಯವಾಗಿತ್ತು.

ಕ್ರೈಸ್ತ ಮತವನ್ನು ಸ್ವೀಕರಿಸಿದ ದಲಿತ ಕುಟುಂಬಗಳಿಗೆ ತಮಟೆಯನ್ನು ಕೆಳಗಿಡುವುದು ಆ ಚಾಕರಿಯಿಂದ ಪಡೆದ ಬಿಡುಗಡೆಯ ಕುರುಹೂ ಆಗಿತ್ತು. ಮಿಷನರಿಗಳಿಗೆ ಅದು ಗ್ರಾಮದೇವತೆಯ ಆರಾಧನೆಯ ವಾದ್ಯವಾಗಿ ಕಂಡಿತು. ಈ ಎರಡು ಕಾರಣಗಳಿಂದ ದೇವಾಲಯದ ಒಳಗೆ ಹಾರ್ಮೋನಿಯಂ, ತಬಲ, ಡೋಲಕ್ಕುಗಳಿಗೆ ಸಿಕ್ಕ ಪ್ರವೇಶ ತಮಟೆಗೆ ಸಿಗಲಿಲ್ಲ. ಆದ್ದರಿಂದ ತಮಟೆಯ ಗೈರುಹಾಜರಿಯನ್ನು ಕೇವಲ ಸಾಂಸ್ಕೃತಿಕ ನಷ್ಟವೆಂದು ಬಣ್ಣಿಸುವುದು ಆ ಸಮುದಾಯದ ಸ್ವಂತ ನಿರ್ಧಾರವನ್ನು ಅಲಕ್ಷಿಸಿದಂತಾಗುತ್ತದೆ.

ಆದರೆ ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. 1970ರ ದಶಕದ ನಂತರ ದಲಿತ ಚಳವಳಿಯು ತಮಟೆಯನ್ನು ಸ್ವಾಭಿಮಾನದ ವಾದ್ಯವಾಗಿ ಮರಳಿ ಪಡೆಯಿತು. ಕೋಲಾರದ ಬೆಟ್ಟದ ಮೇಲಿನ ಆದಿಮ ಕೇಂದ್ರದ ಹುಣ್ಣಿಮೆ ಹಾಡುಗಳು, ಪಿಚ್ಚಳ್ಳಿ ಶ್ರೀನಿವಾಸ ಅವರಂಥ ಗಾಯಕರ ಹೋರಾಟದ ಹಾಡುಗಳು ಈ ಭಾಗದಲ್ಲಿ ಅದಕ್ಕೆ ಹೊಸ ವೇದಿಕೆ ಕಲ್ಪಿಸಿದವು. ತಮಿಳುನಾಡಿನಲ್ಲಿ ಮಧುರೈನ ದೇವಶಾಸ್ತ್ರ ವಿದ್ಯಾಲಯದ ಜೆ. ಥಿಯೋಫಿಲಸ್ ಅಪ್ಪಾವು (1940-2005) ಅವರು ಜನಪದ ಧಾಟಿಗಳನ್ನೂ ಪರೈ ವಾದ್ಯವನ್ನೂ ಆರಾಧನೆಯೊಳಗೆ ತಂದರು. ಈ ಪ್ರಯತ್ನವನ್ನು ಝೋಯಿ ಶೆರಿನಿಯನ್ ಅವರು 2014ರ ತಮ್ಮ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಮಂಗಳೂರಿನಲ್ಲಿ 1986ರಲ್ಲಿ ಎರಿಕ್ ಒಝೇರಿಯೊ ಅವರು ಆರಂಭಿಸಿದ ಮಾಂಡ್ ಸೊಭಾಣ್ ಬಳಗವು, ಆರಾಧನಾ ಸಂಗೀತಕ್ಕೆ ಸೀಮಿತವಾಗದೆ, ಕೊಂಕಣಿಯ ಮೂಲ ಧಾಟಿಗಳನ್ನು ಹುಡುಕಿ ಮುದ್ರಿಕೆಗಳಿಗೆ ತಂದಿತು. ಸಮುದಾಯವು ತನ್ನ ಜನಪದ ಧ್ವನಿಯನ್ನು ತಾನೇ ಆಯ್ದುಕೊಂಡಾಗ ಆಲ್ಬಮ್ಮು ಅದಕ್ಕೆ ಸಾಧನವಾಗಬಲ್ಲದು ಎಂಬುದಕ್ಕೆ ಇವು ನಿದರ್ಶನಗಳು.

ಕನ್ನಡ ಮತ್ತು ತೆಲುಗಿನ ಸಮಕಾಲೀನ ಕ್ರೈಸ್ತ ಮುದ್ರಿಕೆಗಳಲ್ಲಿ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ವೇಗದ ಹಾಡುಗಳಲ್ಲಿ ಬಳಕೆಯಾಗುವ ತಿಶ್ರ ಗತಿಯು ತಮಟೆ, ಡಪ್ಪುಗಳ ನಡೆಗೆ ಅತಿ ಸಮೀಪವಾದುದು. ಕೀಬೋರ್ಡಿನಲ್ಲಿ ಸಂಗ್ರಹಿಸಿಟ್ಟ ಡಪ್ಪಿನ ನಾದವನ್ನೇ ಯಾಂತ್ರಿಕವಾಗಿ ಆವರ್ತಿಸುವುದೂ ಸಾಮಾನ್ಯ. ಅಂದರೆ, ಬಾಗಿಲ ಹೊರಗೆ ಉಳಿದ ತಮಟೆಯ ನಾದ ಸ್ಟುಡಿಯೋದ ಮೂಲಕ ಒಳಗೆ ಬಂದಿದೆ. ತಮಟೆ ನುಡಿಸುವವನು ಬಂದಿಲ್ಲ. ಚರ್ಮವನ್ನು ಬೆಂಕಿಗೆ ಕಾಯಿಸಿ ಶ್ರುತಿ ಮಾಡುವ ಅವನ ತಿಳಿವಳಿಕೆಯಾಗಲಿ, ಅವನಿಗೆ ಸಲ್ಲಬೇಕಾದ ಸಂಭಾವನೆಯಾಗಲಿ ಈ ವ್ಯವಸ್ಥೆಯಲ್ಲಿ ಸ್ಥಾನ ಪಡೆದಿಲ್ಲ. ಸಂಶೋಧಕರು ಪರಿಶೀಲಿಸಬೇಕಾದ ಅತ್ಯಂತ ಜೀವಂತ ಪ್ರಶ್ನೆ ಇದು.

ದಾಖಲೀಕರಣದ ತುರ್ತು

ಗ್ರಂಥಾಲಯಗಳ ದೃಷ್ಟಿಯಿಂದ ಈ ಸಾಮಗ್ರಿಯ ಸ್ಥಿತಿ ಆತಂಕಕಾರಿಯಾಗಿದೆ. 1954ರ ಪುಸ್ತಕಗಳ ಸಲ್ಲಿಕೆ ಅಧಿನಿಯಮವು ಮುದ್ರಿತ ಪುಸ್ತಕಗಳನ್ನೂ, 1956ರ ತಿದ್ದುಪಡಿಯ ನಂತರ ವೃತ್ತಪತ್ರಿಕೆಗಳನ್ನೂ ಒಳಗೊಂಡಿತೇ ಹೊರತು ಧ್ವನಿಮುದ್ರಿಕೆಗಳನ್ನು ಒಳಗೊಳ್ಳಲಿಲ್ಲ. ಹೀಗಾಗಿ ಸಣ್ಣ ಪ್ರಕಾಶಕರ ಕ್ಯಾಸೆಟ್ಟುಗಳು ಯಾವ ಗ್ರಂಥಾಲಯಕ್ಕೂ ಕಾನೂನಿನ ಮೂಲಕ ತಲುಪಲಿಲ್ಲ. ಕ್ಯಾಸೆಟ್ಟಿನ ಕಾಂತೀಯ ಪಟ್ಟಿಯು ತೇವ, ಬೂಷ್ಟು, ಶಾಖಗಳಿಂದ ಕೆಡುವಂಥದು. ಮೂವತ್ತು, ನಲವತ್ತು ವರ್ಷ ದಾಟಿದ ಮುದ್ರಿಕೆಗಳು ಮನೆಗಳ ಅಟ್ಟದ ಮೇಲೆ ಮೌನವಾಗಿ ನಾಶವಾಗುತ್ತಿರುತ್ತವೆ. ಅವುಗಳನ್ನು ನುಡಿಸುವ ಯಂತ್ರಗಳೂ ವಿರಳವಾಗಿವೆ.

ಈ ಹಿನ್ನೆಲೆಯಲ್ಲಿ ಕೈಗೊಳ್ಳಬೇಕಾದ ಕಾರ್ಯಗಳನ್ನು ಹೀಗೆ ಸೂಚಿಸಬಹುದು. ಮೊದಲನೆಯದಾಗಿ, ರಾಗ, ತಾಳ ಅಥವಾ ಮಟ್ಟಿನ ಸೂಚನೆಯಷ್ಟೇ ಇರುವ ಹಳೆಯ ಕೀರ್ತನೆಗಳನ್ನು ಹಾಡಬಲ್ಲ ಹಿರಿಯರಿಂದ ಅವರದೇ ಶ್ರುತಿ, ವೇಗಗಳಲ್ಲಿ ಮುದ್ರಿಸಿಕೊಳ್ಳುವುದು. ಎರಡನೆಯದಾಗಿ, ಕ್ಯಾಸೆಟ್ಟು ಮತ್ತು ಸಿ.ಡಿ.ಗಳನ್ನು ಹೊದಿಕೆ ಸಮೇತ ಸಂಗ್ರಹಿಸಿ, ಹೊದಿಕೆಯ ವಿವರಗಳನ್ನು ಗ್ರಂಥಸೂಚಿಯ ಶಿಸ್ತಿನಲ್ಲಿ ದಾಖಲಿಸುವುದು. ಮೂರನೆಯದಾಗಿ, ಒಂದೇ ಹಾಡಿನ ಮುದ್ರಿತ ರೂಪ, ಪುಸ್ತಕ ರೂಪ ಮತ್ತು ಸಭೆಯಲ್ಲಿ ಹಾಡುವ ರೂಪಗಳನ್ನು ಹೋಲಿಸುವುದು. ನಾಲ್ಕನೆಯದಾಗಿ, ತೆಲುಗು ಮತ್ತು ಕನ್ನಡ ಎರಡನ್ನೂ ಬಲ್ಲ ಕ್ಷೇತ್ರಕಾರ್ಯಕರ್ತರನ್ನು ಈ ಸೀಮೆಯಲ್ಲಿ ತೊಡಗಿಸುವುದು. ಒಂದೇ ಭಾಷೆಯ ಪ್ರಶ್ನಾವಳಿ ಇಲ್ಲಿನ ಹಾಡಿನ ಅರ್ಧವನ್ನು ಮಾತ್ರ ಹಿಡಿಯಬಲ್ಲದು. ಹಾಡಿದವರ ಒಪ್ಪಿಗೆ ಪಡೆಯುವುದು ಮತ್ತು ಮುದ್ರಿಕೆಯ ಪ್ರತಿಯನ್ನು ಅವರ ಸಭೆಗೇ ಮರಳಿ ನೀಡುವುದು ಈ ಎಲ್ಲ ಕಾರ್ಯಗಳ ಭಾಗವಾಗಿರಬೇಕು. 1982ರಲ್ಲಿ ಸ್ಥಾಪಿತವಾಗಿ ಗುರುಗ್ರಾಮದಲ್ಲಿ ನೆಲೆಗೊಂಡಿರುವ ಜನಾಂಗ ಸಂಗೀತ ಸಂಗ್ರಹಾಲಯದ ಅನುಭವವು ಇಂಥ ಕೆಲಸಕ್ಕೆ ಮಾರ್ಗದರ್ಶಕವಾಗಬಲ್ಲದು.

ಉಪಸಂಹಾರ

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ಸಂಖ್ಯೆಯಲ್ಲಿ ಚಿಕ್ಕದಾದ ಈ ಸಮುದಾಯವು ಕನ್ನಡ ಹಾಡಿನ ಚರಿತ್ರೆಯ ಹಲವು ಪದರಗಳನ್ನು ತನ್ನೊಳಗೆ ಉಳಿಸಿಕೊಂಡಿದೆ. ದಾಸರ ಪದಗಳ ವಿನ್ಯಾಸ, ತೆಲುಗು ಕೀರ್ತನೆಯ ರಾಗ, ಯೂರೋಪಿನ ಸ್ವರಮೇಳ, ಭಾವಗೀತೆಯ ಮಾಧುರ್ಯ, ಸಿನಿಮಾದ ವಾದ್ಯವೃಂದ, ತಮಟೆಯ ತಿಶ್ರ ಗತಿ, ಇವೆಲ್ಲವೂ ನಾಲ್ಕೈದು ನಿಮಿಷಗಳ ಒಂದು ಹಾಡಿನಲ್ಲಿ ಒಟ್ಟಾಗಬಲ್ಲವು. ಆಲ್ಬಮ್ಮನ್ನು ಪರಕೀಯವೆಂದು ತಳ್ಳಿಹಾಕುವುದರಿಂದಾಗಲಿ, ಹಳೆಯ ಕೀರ್ತನೆಯನ್ನು ಕಾಲ ಮೀರಿದ್ದೆಂದು ಬದಿಗಿಡುವುದರಿಂದಾಗಲಿ ಈ ಚರಿತ್ರೆ ತಿಳಿಯುವುದಿಲ್ಲ. ಸಮಕಾಲೀನ ಗೀತೆ ತನ್ನ ಕೇಳುಗರ ಬಲದಿಂದಲೇ ಮುಂದುವರಿಯುತ್ತದೆ. ಪುಸ್ತಕದ ಪುಟದಲ್ಲಿ ಪಠ್ಯವಾಗಿ ಮಾತ್ರ ಉಳಿದು, ಧಾಟಿಯನ್ನು ಕೆಲವೇ ಹಿರಿಯರ ಕಂಠದಲ್ಲಿ ಇರಿಸಿಕೊಂಡಿರುವ ಕೀರ್ತನೆಗಳಿಗೆ ಆ ಆಸರೆ ಇಲ್ಲ. ಆ ಕಂಠಗಳು ಇರುವಾಗಲೇ ಅವನ್ನು ದಾಖಲಿಸಿಕೊಳ್ಳುವುದು ಕನ್ನಡ ಜಾನಪದ ಅಧ್ಯಯನದ ಮುಂದಿರುವ ಕರ್ತವ್ಯವಾಗಿದೆ.